ಹಣವೂ ಶೀಲವೂ: ಹಳೆಯ ಗ್ರಂಥಗಳು ಕಲಿಸುವ ಪಾಠ



ಕೆಲವು ವರ್ಷಗಳ ಕೆಳಗೆ ನಮ್ಮ ಶಾಲೆಯ ಒಬ್ಬ ಬಾಲಿಕೆಯು ವಿದ್ಯಾಭ್ಯಾಸವನ್ನು ನಿಲ್ಲಿಸುವೆನೆಂದು ಹೇಳಲು ನನ್ನ ಬಳಿಗೆ ಬಂದಳು. ಆಕೆಯ ತಾಯಿಯವರು ಮಗನ ಔಷಧೋಪಚಾರಕ್ಕಾಗಿ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ ಸಾಲ ತಂದು, ಪತ್ರವನ್ನು ಓದಿಸಿ ಕೇಳದೆಯೇ ಸಹಿ ಮಾಡಿದ್ದರು. ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ಅಂಥ ಸಾಲವು 3 ವರ್ಷಗಳಲ್ಲಿ ಇಮ್ಮಡಿಯಾಗುವದೆಂದು ಆ ಬಾಲಿಕೆಯೇ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ಕಂಡುಕೊಂಡಳು. ಚಕ್ರಬಡ್ಡಿಯನ್ನು ನಾನೇ ಅವಳಿಗೆ ಕಲಿಸಿದ್ದೆನು. ಆದರೆ ಅದು ಮನೆಯ ಬಾಗಿಲಿಗೆ ಬರುವದೆಂದು ಕಲಿಸಿರಲಿಲ್ಲ. ಈ ಕೊರತೆಯನ್ನು ನೀಗಲು ಕೆಲವು ಹಳೆಯ ಗ್ರಂಥಗಳನ್ನು ತೆರೆದೆನು.

ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯರು ತಮ್ಮ 1758ರ ಪಂಚಾಂಗಕ್ಕೆ ಬರೆದ ಮುನ್ನುಡಿಯು ‘ದಿ ವೇ ಟು ವೆಲ್ತ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸರಕಾರದ ತೆರಿಗೆಗಿಂತ ನಮ್ಮ ಸೋಮಾರಿತನವೂ ಆಡಂಬರವೂ ಅವಿವೇಕವೂ ನಮ್ಮಿಂದ ಹೆಚ್ಚು ಕಂದಾಯವನ್ನು ಎತ್ತುತ್ತವೆಂದು ಅವರು ತೋರಿಸಿರುತ್ತಾರೆ. ಸ್ಯಾಮ್ಯುಯೆಲ್ ಸ್ಮೈಲ್ಸ್ ಮಹಾಶಯರ ‘ಸೆಲ್ಫ್ ಹೆಲ್ಪ್’ (1859) ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಕೆಲಸಗಾರ ಯುವಕರಿಗೆ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿತು. ಮಿತವ್ಯಯವು ಜಿಪುಣತನವಲ್ಲ, ಸ್ವಾತಂತ್ರ್ಯದ ಬುನಾದಿಯೆಂಬದು ಅವರ ‘ಥ್ರಿಫ್ಟ್’ (1875) ಗ್ರಂಥದ ಸಾರವು. ಜಾರ್ಜ್ ಕ್ಲೇಸನ್ ಮಹಾಶಯರ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲನ್’ (1926) ಎಂಬ ಕಥಾರೂಪದ ಗ್ರಂಥದ ಮುಖ್ಯ ಸೂತ್ರವು, ಆದಾಯದ ಹತ್ತನೆಯ ಒಂದು ಪಾಲನ್ನು ವೆಚ್ಚಕ್ಕೆ ಮೊದಲೇ ತೆಗೆದಿಡಬೇಕೆಂಬದು.

ಆದರೆ ಇವುಗಳನ್ನು ವಿವೇಚಿಸಿ ಓದತಕ್ಕದ್ದು. ಇವು ಬಹುಮಟ್ಟಿಗೆ ಪುರುಷರನ್ನು ಕುರಿತವು. 1859ರ ಇಂಗ್ಲೆಂಡಿನಲ್ಲಿ ವಿವಾಹಿತ ಸ್ತ್ರೀಯು ದುಡಿದ ಕೂಲಿಯು ಕಾಯಿದೆಯ ಪ್ರಕಾರ ಗಂಡನದಾಗಿತ್ತು. 1870ರ ಕಾಯಿದೆಯು ಅದನ್ನು ಅವಳದಾಗಿ ಮಾಡಿತು. ತನ್ನದಲ್ಲದ ಹಣವನ್ನು ಉಳಿಸುವದು ಹೇಗೆ? ಇದಲ್ಲದೆ ಬಡತನಕ್ಕೆಲ್ಲ ಸೋಮಾರಿತನವೇ ಕಾರಣವೆಂಬದೂ ಸರಿಯಲ್ಲ. ಆ ತಾಯಿಯವರು ಸೂರ್ಯೋದಯಕ್ಕೆ ಮುಂಚೆ ಎದ್ದು ದುಡಿಯುವವರು. ಅವರಲ್ಲಿ ಕೊರತೆಯಾಗಿದ್ದದ್ದು ಶ್ರಮವಲ್ಲ, ಲೆಕ್ಕದ ತಿಳುವಳಿಕೆ; ಆಪತ್ಕಾಲಕ್ಕೆ ಕೂಡಿಟ್ಟ ಹಣವೂ ಇರಲಿಲ್ಲ.

ಆದಕಾರಣ ಮೂರು ಅಭ್ಯಾಸಗಳನ್ನು ಈಗಲೇ ಹಿಡಿಯಿರಿ. ದಿನದ ಜಮಾಖರ್ಚನ್ನು ಬರೆದಿಡಿರಿ. ಹತ್ತು ವರ್ಷ ತುಂಬಿದ ಬಾಲಿಕೆಯು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನಲ್ಲಿಯೇ ಉಳಿತಾಯದ ಖಾತೆಯನ್ನು ತೆರೆಯಬಹುದು. ಕೈಗೆ ಬಂದದ್ದರಲ್ಲಿ ಅಲ್ಪವನ್ನಾದರೂ ಮೊದಲು ಅದರಲ್ಲಿ ಇಡಿರಿ. ಓದಿ ತಿಳಿಯದ ಪತ್ರಕ್ಕೆ ಎಂದಿಗೂ ಸಹಿ ಹಾಕಬೇಡಿರಿ.

ಆ ತಾಯಿಯವರು ಸಹಕಾರಿ ಸಂಘದಿಂದ ಕಡಿಮೆ ಬಡ್ಡಿಗೆ ಹಣ ಪಡೆದು ಹಳೆಯ ಸಾಲವನ್ನು ತೀರಿಸಿದರು. ಈ ಸಾರಿ ಪತ್ರವನ್ನು ಮಗಳೇ ಗಟ್ಟಿಯಾಗಿ ಓದಿ ಹೇಳಿದಳು. ಆ ವರ್ಷ ಅವಳು ಪರೀಕ್ಷೆಗೂ ಕುಳಿತಳು.