ಮಳೆನಾಡಿನ ಮನೆಗೆ ಹಳೆಯ ಕಂಪ್ಯೂಟರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಯೊಂದರಲ್ಲಿ ಹತ್ತು ವರ್ಷದ ಹಿಂದೆ ಕೊಂಡ ಕಂಪ್ಯೂಟರು ಇಂದು ತೆರೆದುಕೊಳ್ಳುವುದಕ್ಕೇ ಐದಾರು ನಿಮಿಷ ಹಿಡಿಯುತ್ತಿದ್ದರೆ, ತಪ್ಪು ಬಹುಮಟ್ಟಿಗೆ ಅದರ ಪ್ರೊಸೆಸರಿನದಲ್ಲ, ಒಳಗೆ ತಿರುಗುವ ಹಾರ್ಡ್ ಡಿಸ್ಕಿನದು. ಕಾಂತೀಯ ಲೇಪವಿರುವ ತಟ್ಟೆಗಳ ಮೇಲೆ ಮಾಹಿತಿಯನ್ನು ಬರೆದಿಡುವ ಈ ಸಾಧನ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಬೇಕಾದ ತುಣುಕು ಓದುವ ತುದಿಯ ಕೆಳಗೆ ಬರುವ ತನಕ ಉಳಿದ ಭಾಗಗಳೆಲ್ಲ ಕಾಯಬೇಕು, ವೇಗದ ಡಿಸ್ಕಿನಲ್ಲೂ ಬರಿಯ ಅರ್ಧ ಸುತ್ತಿಗೇ ನಾಲ್ಕು ಮಿಲಿಸೆಕೆಂಡು ಕಳೆಯುತ್ತದೆ. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿಯನ್ನಿಡುವ ಎಸ್‌ಎಸ್‌ಡಿಗೆ ಮಿಲಿಸೆಕೆಂಡಿನ ಸಣ್ಣದೊಂದು ಅಂಶ ಸಾಕು. ಆದ್ದರಿಂದ ಕೈಯಲ್ಲಿರುವ ಹಣ ಮೊದಲು ಸಲ್ಲಬೇಕಾದದ್ದು ಎಸ್‌ಎಸ್‌ಡಿಗೆ, ಅದೂ ಹೊಸದಕ್ಕೆ, ಏಕೆಂದರೆ ಬರೆದಷ್ಟೂ ಅದು ಸವೆಯುತ್ತದೆ. ಕೆಲಸದ ವೇಳೆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ‍್ಯಾಮಿಗೆ ಹಾಗೆ ಸವೆತವಿಲ್ಲ, ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ನಷ್ಟವಿಲ್ಲ. ಆದರೆ ರ‍್ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಗೂಡಿಗೆ ಇನ್ನೊಂದು ಕೂರುವುದಿಲ್ಲ.

ಇಡೀ ಯಂತ್ರವನ್ನೇ ಬದಲಿಸಬೇಕಾದವರಿಗೆ ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಬಿಚ್ಚಿ ಪರೀಕ್ಷಿಸಿ ದುರಸ್ತಿಮಾಡಿ ಮಾರುವ ಕಂಪ್ಯೂಟರುಗಳಿವೆ. ಬೆಂಗಳೂರಿನ ಕಚೇರಿಗಳು ಕೆಲವೇ ವರ್ಷ ಬಳಸಿ ಹೊರಹಾಕುವ ಇಂಥ ಯಂತ್ರಗಳು ಅಲ್ಲಿನ ಎಸ್‌.ಪಿ. ರಸ್ತೆಯಂಥ ಪೇಟೆಗಳ ಮೂಲಕ ಊರೂರಿಗೆ ಹಂಚಿಹೋಗುತ್ತವೆ. ಕೊಳ್ಳುವವರು ಹೊರಗಿನ ಹೊಳಪಿಗಿಂತ ಪ್ರೊಸೆಸರಿನ ಸಂಖ್ಯೆಯನ್ನು ನೋಡುವುದು ಲೇಸು: ಇಂಟೆಲ್‌ನ ಐ5-6500 ಆರನೆಯ ತಲೆಮಾರು, ಐ5-8500 ಎಂಟನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11 ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಈಚಿನದನ್ನಷ್ಟೇ ಒಪ್ಪುವುದರಿಂದ ಈ ಒಂದು ಅಂಕಿ ಬೆಲೆಯಷ್ಟೇ ಮುಖ್ಯ. ಅದಕ್ಕೂ ಹಳೆಯ ಯಂತ್ರವನ್ನು ಎಸೆಯಬೇಕೆಂದೇನೂ ಇಲ್ಲ. ವಿಂಡೋಸಿನ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಅದರಲ್ಲಿ ಸಲೀಸಾಗಿ ಓಡುತ್ತದೆ, ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಅದೇ ವಿನ್ಯಾಸ ಅಲ್ಲಿಯೂ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಮಲೆನಾಡಿನಲ್ಲಿ ಇಷ್ಟಕ್ಕೇ ಮಾತು ಮುಗಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ಥಂಡಿಯಲ್ಲಿ ಮುಚ್ಚಿಟ್ಟ ಕಂಪ್ಯೂಟರು ಒಮ್ಮೊಮ್ಮೆ ಬರಿಯ ಬೀಪ್ ಸದ್ದು ಮಾಡಿ ಸುಮ್ಮನಾಗುತ್ತದೆ. ಅದು ಸತ್ತಿತೆಂದು ಗುಜರಿಗೆ ಕೊಡುವ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ರ‍್ಯಾಮನ್ನು ಹೊರತೆಗೆದು, ಅದರ ಅಂಚಿನ ಚಿನ್ನದ ಬಣ್ಣದ ಗೆರೆಗಳ ಮೇಲೆ ಕಟ್ಟಿದ ಮಸುಕನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕೊಡವಿ, ಕ್ಲಿಕ್ ಎನ್ನುವಂತೆ ಮತ್ತೆ ಕೂರಿಸಿ ನೋಡಬೇಕು. ಗಡಿಯಾರ ಪ್ರತಿ ಸಲವೂ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತಿದ್ದರೆ ಕಾರಣ ಮದರ್‌ಬೋರ್ಡಿನ ಮೇಲಿರುವ, ನಾಣ್ಯದಂಥ ಸಿಆರ್2032 ಸೆಲ್ಲು ಮುಗಿದಿರುವುದು, ಅಷ್ಟೇ. ಮಳೆಗಾಲದಲ್ಲಿ ದಿನಕ್ಕೊಂದಿಷ್ಟು ಹೊತ್ತು ಯಂತ್ರವನ್ನು ಚಾಲೂ ಇಟ್ಟರೆ ಅದರ ಸ್ವಂತ ಕಾವೇ ಒಳಗಿನ ತೇವವನ್ನು ಅಂಕೆಯಲ್ಲಿಡುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಿಡಿಲು ಥಂಡಿಗಿಂತ ದೊಡ್ಡ ವೈರಿ. ಸರಿಯಾದ ಅರ್ಥಿಂಗ್, ಅಂದರೆ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿ, ಇಲ್ಲದ ಮನೆಯಲ್ಲಿ ಯುಪಿಎಸ್ ಕೂಡ ಪೂರ್ತಿ ಕಾಯಲಾರದು. ಕರೆಂಟು ಹೋದಾಗ ಕೆಲಸ ಉಳಿಸಿ ಮುಚ್ಚಲು ಅದು ಬೇಕು, ಸಿಡಿಲಿಗೆ ಅದೇ ಗುರಾಣಿಯೆಂದು ನಂಬುವುದು ಅಪಾಯ. ಎಷ್ಟೋ ಮನೆಗಳಲ್ಲಿ ಪ್ಲಗ್ ಕಿತ್ತಿಟ್ಟ ಮೇಲೂ ಕಂಪ್ಯೂಟರು ಸುಡುವುದು ರೂಟರಿನಿಂದ ಬರುವ ತಾಮ್ರದ ಲ್ಯಾನ್ ಕೇಬಲ್ಲನ್ನು ಮರೆತದ್ದರಿಂದ. ದೂರದಲ್ಲಿ ಗುಡುಗಿನ ಸದ್ದು ಕೇಳಿದೊಡನೆ, ಮೋಡ ಮನೆಯ ಮೇಲೆ ಬರುವ ಮುನ್ನವೇ, ಅದನ್ನೂ ಬಿಡಿಸಿಡಬೇಕು.