ಕತ್ತಲೆಯೊಳಗಣ ಒಂದು ಆಟ: ‘ಮ್ಯಾಕ್ಸ್ ಪೇನ್’

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರ್ ಆಟವನ್ನು ಕುರಿತ ಲೇಖನವೇ ಎಂದು ಹಿರಿಯರು ಹುಬ್ಬುಗಂಟಿಕ್ಕಬಹುದು. ಆದುದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಗುಂಡುಹಾರಾಟವೇ ತುಂಬಿರುವ ಈ ಆಟ 17 ವರ್ಷ ಮೀರಿದವರಿಗೆಂದು ಅಮೆರಿಕದಲ್ಲಿ ಗುರುತು ಹಾಕಲ್ಪಟ್ಟದ್ದು. ಅದನ್ನು ಆಡಿರೆಂದು ಕಿರಿಯರನ್ನು ಹುರಿದುಂಬಿಸುವುದು ನಮ್ಮ ಉದ್ದೇಶವಲ್ಲ. ಅದು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ತಿಳಿಸುವುದಷ್ಟೇ ಇಲ್ಲಿಯ ಕೆಲಸ.

ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ನಾವು ಮೂವರು ಇದನ್ನು ಮೊದಲು ಕಂಡದ್ದು 2003ರ ಮಳೆಗಾಲದಲ್ಲಿ, ಕಾಲೇಜು ಸೇರಿದ ಹೊಸತರಲ್ಲಿ. ವಿಲೆ ಪಾರ್ಲೆ ಪೂರ್ವದ ಒಂದು ಇಕ್ಕಟ್ಟಾದ ಸೈಬರ್ ಕೆಫೆಯಲ್ಲಿ ಒಂದು ತಾಸಿನ ಬಾಡಿಗೆಯನ್ನು ಮೂವರು ಹಂಚಿಕೊಂಡು ಕುಳಿತಿದ್ದೆವು. ಹೊರಗೆ ಎಡೆಬಿಡದ ಮಳೆ. ಗಾಳಿಯಲ್ಲಿ ಬಿಸ್ಕತ್ತಿನ ಕಾರ್ಖಾನೆಯ ಸಿಹಿ ವಾಸನೆ. (1929ರಲ್ಲಿ ಆರಂಭವಾದ ಆ ಪಾರ್ಲೆ ಕಾರ್ಖಾನೆ 2016ರಲ್ಲಿ ಮುಚ್ಚಿತು, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ.) ತೆರೆಯ ಮೇಲಾದರೋ ನ್ಯೂಯಾರ್ಕ್ ನಗರದ ಘೋರ ಹಿಮಪಾತ.

ಕಥಾನಾಯಕ ಮ್ಯಾಕ್ಸ್ ಪೇನ್ ಒಬ್ಬ ಪೊಲೀಸ್ ಅಧಿಕಾರಿ. ಒಂದು ಸಂಜೆ ಮನೆಗೆ ಮರಳಿದಾಗ ಮಾದಕದ್ರವ್ಯದಿಂದ ಉನ್ಮತ್ತರಾದವರು ಒಳಗೆ ನುಗ್ಗಿರುತ್ತಾರೆ. ಆಟಗಾರನು ಅವನನ್ನು ಮೆಟ್ಟಿಲೇರಿಸಿ ಮಹಡಿಗೆ ಒಯ್ಯಬೇಕು. ಎಷ್ಟು ಬೇಗ ಓಡಿದರೂ ಹೆಂಡತಿ ಮತ್ತು ಹಸುಗೂಸು ಬದುಕಿರುವುದಿಲ್ಲ. ನಮ್ಮಲ್ಲೊಬ್ಬನು ಇನ್ನೂ ಬೇಗ ತಲಪಬಹುದೆಂದು ನಂಬಿ ಮೂರು ಸಲ ಮೊದಲಿನಿಂದ ಆರಂಭಿಸಿದನು. ಬಾಡಿಗೆಯ ತಾಸು ಕಳೆದುಹೋಗುವುದೆಂದು ಉಳಿದಿಬ್ಬರು ಅವನನ್ನು ಗದರಿಸಿದೆವು.

ಫಿನ್‌ಲೆಂಡ್ ದೇಶದ ‘ರೆಮಿಡಿ’ ಎಂಬ ಸಂಸ್ಥೆ ಈ ಆಟವನ್ನು 2001ರಲ್ಲಿ ಹೊರತಂದಿತು. ಕಥೆಯನ್ನು ಬರೆದವರು ಸ್ಯಾಮ್ ಲೇಕ್. ನಟರಿಗೆ ಕೊಡಲು ಹಣ ಸಾಲದೆ ಕಥಾನಾಯಕನ ಮುಖಕ್ಕೆ ಅವರೇ ಮಾದರಿಯಾದರು; ಇತರ ಪಾತ್ರಗಳಿಗೆ ಸಹೋದ್ಯೋಗಿಗಳೂ ಬಂಧುಮಿತ್ರರೂ ನಿಂತರು. ಚಲಿಸುವ ದೃಶ್ಯಗಳ ಖರ್ಚನ್ನು ತಪ್ಪಿಸಲು ಕಥೆಯನ್ನು ಚಿತ್ರಕಥಾ ಪುಸ್ತಕದಂತೆ ಚೌಕಟ್ಟಿನ ಸ್ಥಿರಚಿತ್ರಗಳಲ್ಲಿ ಹೇಳಿದರು. ಅಂದು ನಾವು ಈ ಪುಟಗಳನ್ನು ಅಸಹನೆಯಿಂದ ದಾಟಿಬಿಡುತ್ತಿದ್ದೆವು. ಇಂದು ಮತ್ತೆ ನೋಡಿದಾಗ, ಅದೇ ಕಾಲದ ದುಬಾರಿ ಆಟಗಳ ಗೊಂಬೆಮುಖಗಳು ಹಳೆಯವಾಗಿ ತೋರಿದರೂ ಈ ಪುಟಗಳು ಮಾಸಿಲ್ಲ.

ಇಂತಹ ಕಥೆಗಳಿಗೆ ‘ನ್ವಾರ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಕಪ್ಪು ಎಂದು ಅರ್ಥ. ರಾತ್ರಿಯ ನಗರ, ಸೋತ ಮನುಷ್ಯ, ಅರ್ಧ ಮುಖಕ್ಕೆ ಮಾತ್ರ ಬೆಳಕು. ಈ ಕಲೆಯನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರು 1951ರಲ್ಲಿ ‘ಬಾಜಿ’ ಎಂಬ ಇಂತಹದೇ ಚಿತ್ರವನ್ನು ಮುಂಬಯಿಯಲ್ಲಿ ನಿರ್ದೇಶಿಸಿದರು. ಅದರಲ್ಲಿ ಸಹಾಯಕರಾಗಿದ್ದ ಮೈಸೂರಿನ ವಿ. ಕೆ. ಮೂರ್ತಿಯವರು ಮರುವರ್ಷದ ‘ಜಾಲ್’ ಚಿತ್ರದಿಂದ ಅವರ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಬಿಸಿಲನ್ನೇ ಕನ್ನಡಿಗಳಿಂದ ತಿರುಗಿಸಿ, ಕತ್ತಲು ತುಂಬಿದ ಸ್ಟುಡಿಯೋದೊಳಗೆ ಒಂದು ಬೆಳಕಿನ ಕಂಬವನ್ನು ನಿಲ್ಲಿಸಿದವರು ಇವರೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೆಂಬ ಕೀರ್ತಿ ನಮ್ಮ ಈ ಕನ್ನಡಿಗರದು. ಫಿನ್‌ಲೆಂಡಿನವರು ಕನ್ನಡಿಯ ಬದಲು ಗಣಿತವನ್ನು ಹಿಡಿದರು. ಯಾವ ದೀಪದ ಬೆಳಕು ಯಾವ ಗೋಡೆಗೆ ತಾಕಿ ಎಲ್ಲಿಗೆ ಚದರುವುದೆಂದು ಕಂಪ್ಯೂಟರಿನಿಂದ ಮುಂಚಿತವಾಗಿಯೇ ಎಣಿಸಿ, ಆ ನೆರಳುಬೆಳಕನ್ನು ಗೋಡೆಗಳಿಗೆ ಬಣ್ಣದಂತೆ ಬಳಿದರು.

ಇನ್ನು ಈ ಆಟಕ್ಕೆ ಹೆಸರು ತಂದ ‘ಬುಲೆಟ್ ಟೈಮ್’. ಒಂದು ಗುಂಡಿಯನ್ನು ಒತ್ತಿದರೆ ಸುತ್ತಲ ಲೋಕವೆಲ್ಲ ನಿಧಾನವಾಗುತ್ತದೆ. ಗಾಳಿಯಲ್ಲಿ ಸಾಗುವ ಗುಂಡುಗಳು ಕಣ್ಣಿಗೆ ಕಾಣುತ್ತವೆ. ಇದರ ಗುಟ್ಟು ಸರಳವಾದುದು. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ ಎಂದಿಟ್ಟುಕೊಳ್ಳಿರಿ. ಒಂದೊಂದು ಚಿತ್ರಕ್ಕೂ ಆಟದ ಲೋಕವು ಸೆಕೆಂಡಿನ 60ರಲ್ಲೊಂದು ಪಾಲು ಮುಂದೆ ಸರಿಯಬೇಕು. ಆ ಪಾಲನ್ನು ನಾಲ್ಕರಿಂದ ಭಾಗಿಸಿದರೆ ಲೋಕವು 240ರಲ್ಲೊಂದು ಪಾಲು ಮಾತ್ರ ಸರಿಯುವುದು. ಆದರೆ ಆಟಗಾರನು ಗುರಿಯಿಡುವ ವೇಗವನ್ನು ಭಾಗಿಸದೆ ಬಿಡುತ್ತಾರೆ. ಲೋಕ ನಿಧಾನ, ನಮ್ಮ ಕೈ ಎಂದಿನಂತೆ, ಅಷ್ಟೇ! ಇದನ್ನು 1999ರ ‘ಮೇಟ್ರಿಕ್ಸ್’ ಚಿತ್ರದಿಂದ ಕದ್ದದ್ದೆಂದು ಹಲವರು ಆಡಿಕೊಂಡರು. ಆದರೆ ಹಾಂಗ್‌ಕಾಂಗಿನ ಜಾನ್ ವೂ ಅವರ ಚಿತ್ರಗಳಿಂದ ಪ್ರೇರಣೆ ಪಡೆದ ಈ ಆಟವು ಆ ಚಿತ್ರಕ್ಕಿಂತ ಮೊದಲೇ, 1998ರಲ್ಲಿಯೇ, ಪ್ರಕಟಿಸಲ್ಪಟ್ಟಿತ್ತು.

ಈ ಶಕ್ತಿಗೆ ಮಿತಿಯುಂಟು. ತೆರೆಯ ಮೂಲೆಯಲ್ಲಿರುವ ಮರಳುಗಡಿಯಾರವು ಬರಿದಾದೊಡನೆ ಅದು ನಿಲ್ಲುವುದು. ಎದುರಾಳಿಗಳನ್ನು ಕೊಂದಂತೆ ಮತ್ತೆ ತುಂಬುವುದು. ಅಂದು ಈ ಲೆಕ್ಕ ನಮಗೆ ಬಹಳ ಹಿಡಿಸಿತ್ತು. ನಮ್ಮಲ್ಲಿ ಇಬ್ಬರು ಈಗ ಮಕ್ಕಳೊಂದಿಗರು. ಕೊಂದವನಿಗೆ ಕಾಲ ದೊರೆಯುವ ಈ ಏರ್ಪಾಡು ಈ ಸಲ ನಮ್ಮ ಮನಸ್ಸಿಗೆ ಒಗ್ಗಲಿಲ್ಲ. ಅದಕ್ಕಿಂತ ಅವನ ದುಃಸ್ವಪ್ನದ ಭಾಗವೇ ನಾಟಿತು. ಮುಗಿಯದ ಓಣಿಯಂತಹ ಮನೆ, ದೂರದಲ್ಲಿ ಮಗುವಿನ ಅಳು, ಕತ್ತಲೆಯಲ್ಲಿ ಎಳೆದ ರಕ್ತದ ತೆಳು ಗೆರೆ. ಆ ಗೆರೆಯ ಮೇಲೆಯೇ ನಡೆಯಬೇಕು. ಅಲ್ಲಿ ಬಂದೂಕು ನೆರವಿಗೆ ಬಾರದು. ಬೇಸರದ ಭಾಗವೆಂದು ಹಿಂದೆ ನಾವು ಹಳಿದದ್ದು ಇದನ್ನೇ.

2022ರಲ್ಲಿ ಈ ಆಟವನ್ನೂ ಅದರ ಎರಡನೆಯ ಭಾಗವನ್ನೂ ಹೊಸದಾಗಿ ಕಟ್ಟುವುದಾಗಿ ರೆಮಿಡಿ ಸಂಸ್ಥೆ ಪ್ರಕಟಿಸಿತು. ಮ್ಯಾಕ್ಸ್‌ಗೆ ಆ ದಣಿದ ದನಿಯನ್ನು ಕೊಟ್ಟ ಜೇಮ್ಸ್ ಮೆಕ್‌ಕ್ಯಾಫ್ರಿಯವರು 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಸ ಯಂತ್ರಗಳಿಗೆ ಬೆಳಕಿನ ಬಡತನವಿಲ್ಲ. ಹಳೆಯ ಕತ್ತಲೆಯನ್ನು ಅವರು ಎಷ್ಟರಮಟ್ಟಿಗೆ ಉಳಿಸುವರೋ ಎಂಬುದೇ ನಮ್ಮ ಕುತೂಹಲ. ಅಂದಹಾಗೆ, ನಮ್ಮ ಆ ಗೆಳೆಯನು ಮೊನ್ನೆಯೂ ಒಮ್ಮೆ ಮೆಟ್ಟಿಲುಗಳನ್ನು ಓಡಿ ಹತ್ತಿ ನೋಡಿದನು. ಈ ಸಲ ನಾವಿಬ್ಬರೂ ಅವನನ್ನು ಗದರಿಸಲಿಲ್ಲ.