ರಾಟ್‌ವೀಲರ್ ಮರಿ ತರೋ ಮುಂಚೆ: ಊರು ಬದಲಾದರೂ ನಾಯಿ ಜೊತೆಗೇ ಇರಬೇಕಲ್ಲ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ವಿಡಿಯೋ ನೋಡೋಕಾಗದವರು ಓದಿಕೊಳ್ಳಬಹುದು.

ಹೈದರಾಬಾದ್, ಚೆನ್ನೈ, ನೋಯ್ಡಾ ಕಡೆ ಇರೋ ನಮ್ಮವರು ನನ್ನನ್ನ ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದೇ: "ರಾಟ್‌ವೀಲರ್ ಮರಿ ತಗೋಬೇಕು ಅಂತಿದ್ದೀವಿ. ಬ್ಯಾನ್ ಆಗಿದೆ ಅಂತಾರೆ, ಆಗಿಲ್ಲ ಅಂತಾರೆ. ಏನು ಮಾಡೋಣ?" ನಾನು ಪಶುವೈದ್ಯನಲ್ಲ, ವೃತ್ತಿಯ ಟ್ರೇನರ್ ಕೂಡ ಅಲ್ಲ. ಪುಣೆಯಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದುಕೊಂಡು, ದಿನಾ ಕೋಡ್ ಬರೆದು ಬದುಕೋ ಮನುಷ್ಯ. ನಮ್ಮ ಮನೆಯ ರಾಟ್‌ವೀಲರ್ ಹೆಣ್ಣು 'ರಾಗಿ'ಗೆ ಈಗ ಮೂರು ವರ್ಷ. ಅವಳನ್ನ ಬೆಳೆಸ್ತಾ ಕಲಿತದ್ದು, ಡಾಕ್ಟರು ಮತ್ತು ಟ್ರೇನರು ಹೇಳಿಕೊಟ್ಟದ್ದು, ಕಾನೂನು ಓದಿ ತಿಳಿದದ್ದು, ಮೂರನ್ನೂ ಸೇರಿಸಿ ಹೇಳ್ತೀನಿ.

ಬ್ಯಾನ್ ಇದೆಯೋ ಇಲ್ಲವೋ?

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೋ, ಡೋಗೊ ಅರ್ಜೆಂಟೀನೊ, ಅಕಿಟಾ ಸೇರಿ 23 ತಳಿಗಳ ಪಟ್ಟಿ ಅದರಲ್ಲಿತ್ತು. ಇವುಗಳ ಮಾರಾಟಕ್ಕೆ, ತಳಿ ಬೆಳೆಸೋದಕ್ಕೆ, ಸಾಕೋದಕ್ಕೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಮನೆಯಲ್ಲಿರೋ ನಾಯಿಗಳಿಗೆ ಸಂತಾನಹರಣ ಮಾಡಿಸಿ ಅನ್ನೋದು ಅದರ ಸಾರ. ಅದೇ ವರ್ಷ ಏಪ್ರಿಲ್ 10ರಂದು ನಮ್ಮ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನ ರದ್ದು ಮಾಡಿತು. ಸಂಬಂಧಪಟ್ಟವರನ್ನ ಕೇಳದೆ ಮಾಡಿದ್ದೀರಿ, ಎಲ್ಲರ ಮಾತು ಕೇಳಿ ಬೇಕಿದ್ದರೆ ಹೊಸದಾಗಿ ಮಾಡಿ ಅನ್ನೋದು ಕೋರ್ಟಿನ ಮಾತು.

ವಾಟ್ಸಾಪ್ ಗ್ರೂಪುಗಳಲ್ಲಿ ಕಥೆ ಇಲ್ಲಿಗೇ ಮುಗಿದುಹೋಗುತ್ತೆ. "ಕೋರ್ಟ್ ಹೊಡೆದು ಹಾಕಿತು, ಧೈರ್ಯವಾಗಿ ತಗೊಳ್ಳಿ" ಅಂತಾರೆ. ಆದರೆ ನಾಯಿಗೆ ಲೈಸೆನ್ಸ್ ಕೊಡೋದು ನಿಮ್ಮೂರಿನ ಕಾರ್ಪೊರೇಷನ್. ಗಾಜಿಯಾಬಾದ್ ಪಾಲಿಕೆ 2022ರ ಅಕ್ಟೋಬರ್‌ನಲ್ಲೇ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟೀನೊ ಮೂರನ್ನೂ ಹೊಸದಾಗಿ ಸಾಕುವಂತಿಲ್ಲ ಅಂತ ತೀರ್ಮಾನಿಸಿತ್ತು. ಚೆನ್ನೈ ಕಾರ್ಪೊರೇಷನ್ 2025ರ ಡಿಸೆಂಬರ್‌ನಲ್ಲಿ ಪಿಟ್‌ಬುಲ್ ಮತ್ತು ರಾಟ್‌ವೀಲರ್‌ಗೆ ಹೊಸ ಲೈಸೆನ್ಸ್ ಕೊಡೋದನ್ನ ನಿಲ್ಲಿಸಿತು. ಅಂದರೆ ಒಂದೇ ನಾಯಿ ಒಂದು ಊರಲ್ಲಿ ಕಾನೂನುಬದ್ಧ, ಇನ್ನೊಂದು ಊರಲ್ಲಿ ಅಲ್ಲ.

ಈ ನಿಯಮ ಮಾಡಿದವರನ್ನ ಬೈಯೋದು ಸುಲಭ. ಆದರೆ 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಹೆಂಗಸೊಬ್ಬರು ಮನೆಯ ಪಿಟ್‌ಬುಲ್‌ನಿಂದಲೇ ಸತ್ತರು. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯ ಮೇಲೆ ಬಿದ್ದವು. ಅವಳು ಆ ಪಾರ್ಕಿನ ವಾಚ್‌ಮನ್ ಮಗಳು. ತಳಿ ನೋಡಿ ಸ್ವಭಾವ ಹೇಳೋಕಾಗಲ್ಲ ಅನ್ನೋದು ನಿಜ. ಆದರೆ ಪೊಮೆರೇನಿಯನ್ ಕಚ್ಚೋದಕ್ಕೂ 42 ಕೆಜಿ ತೂಗೋ ನಾಯಿ ಕಚ್ಚೋದಕ್ಕೂ ಇರೋ ಅಂತರ ಅಷ್ಟೇ ನಿಜ. ಎರಡನ್ನೂ ಒಪ್ಪಿಕೊಂಡವರು ಮಾತ್ರ ಈ ಮರಿ ತರಬೇಕು.

ನಮ್ಮಂಥವರಿಗೆ ಇರೋ ಬೇರೆಯದೇ ತೊಡಕು

ರಾಟ್‌ವೀಲರ್ ಬದುಕೋದು ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ. ಅಷ್ಟರಲ್ಲಿ ನೀವು ಎಷ್ಟು ಊರು, ಎಷ್ಟು ಕಂಪನಿ, ಎಷ್ಟು ಬಾಡಿಗೆ ಮನೆ ಬದಲಾಯಿಸಬಹುದು, ಲೆಕ್ಕ ಹಾಕಿ. ಸ್ವಂತ ಊರಲ್ಲಿ ಸ್ವಂತ ಮನೆ ಇರೋರಿಗೆ ಈ ಪ್ರಶ್ನೆಯೇ ಇಲ್ಲ. ನಮಗೆ ಇದೇ ಮೊದಲ ಪ್ರಶ್ನೆ.

ನನಗೆ ಈ ವರ್ಷದ ಶುರುವಲ್ಲಿ ಚೆನ್ನೈ ಆಫೀಸಿಗೆ ಹೋಗೋ ಅವಕಾಶ ಬಂತು. ಸಂಬಳ ಜಾಸ್ತಿ, ಕೆಲಸ ಕೂಡ ನನಗಿಷ್ಟದ್ದು. ಆದರೆ ಅಲ್ಲಿ ರಾಗಿ ಹೆಸರಲ್ಲಿ ಲೈಸೆನ್ಸ್ ಇಲ್ಲ, ಹೊಸದು ಸಿಗೋದೂ ಇಲ್ಲ. ಹೆಂಡತಿ, ನಾನು ಎರಡು ದಿನ ಯೋಚನೆ ಮಾಡಿ ಬೇಡ ಅಂದ್ವಿ. "ಕಾಗದದಲ್ಲಿ ಲ್ಯಾಬ್ ಕ್ರಾಸ್ ಅಂತ ಬರೆಸಿಬಿಡಿ, ಯಾರು ನೋಡ್ತಾರೆ" ಅಂತ ಸಲಹೆ ಕೊಟ್ಟವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ಏನಾದರೂ ಆದರೆ ಆ ಸುಳ್ಳು ಕಾಗದವೇ ನಿಮ್ಮ ವಿರುದ್ಧ ಸಾಕ್ಷಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಸಾಕುಪ್ರಾಣಿಯ ವಿಷಯದಲ್ಲಿ ಅಜಾಗರೂಕತೆ ತೋರಿದರೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಾಗಾಗಿ ಮರಿ ತರೋ ಮುಂಚೆ ಮೂರು ಕಾಗದ ನೋಡಿಕೊಳ್ಳಿ. ಒಂದು, ನಿಮ್ಮ ಕಾರ್ಪೊರೇಷನ್ ಈ ತಳಿಗೆ ಇವತ್ತು ಲೈಸೆನ್ಸ್ ಕೊಡುತ್ತಾ? ಎರಡು, ಬಾಡಿಗೆ ಕರಾರಿನಲ್ಲಿ ನಾಯಿಯ ತಳಿ ಹೆಸರು ಹಾಕಿ ಮನೆ ಮಾಲೀಕರ ಒಪ್ಪಿಗೆ ಬರೆಸಿದ್ದೀರಾ? ಸೊಸೈಟಿಯವರು ಸಾಕುಪ್ರಾಣಿಯನ್ನ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ಸರಿ. ಆದರೆ ನೀವು ಬಾಡಿಗೆದಾರರು. ಮಾಲೀಕರ ಜೊತೆಗಿನ ಕರಾರು ಬೇರೆ ವಿಷಯ. ಮೂರು, ನಾಯಿ ಇನ್ಶೂರೆನ್ಸ್ ತಗೊಂಡರೆ ಮೂರನೆಯವರಿಗೆ ಆಗೋ ಹಾನಿ ಅದರಲ್ಲಿ ಸೇರಿದೆಯಾ, ನಿಮ್ಮ ತಳಿಯನ್ನ ಹೊರಗಿಟ್ಟಿದ್ದಾರಾ ಅಂತ ಪೂರ್ತಿ ಓದಿ.

ಮರಿ ಎಲ್ಲಿಂದ?

ಎಂಟು ವಾರ ತುಂಬದ ಮರಿಯನ್ನ ಬ್ರೀಡರ್ ಮಾರುವಂತಿಲ್ಲ, ಇದು 2017ರ ನಿಯಮ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಅಂತಲೂ ಅದೇ ಹೇಳುತ್ತೆ. "35 ದಿನದ ಮರಿ, ಮನೆ ಬಾಗಿಲಿಗೆ ಡೆಲಿವರಿ" ಅನ್ನೋ ಜಾಹೀರಾತು ಕಂಡರೆ ಅಲ್ಲೇ ಬಿಟ್ಟುಬಿಡಿ. ಇದು ಬರೀ ಕಾನೂನಿನ ಮಾತಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅನ್ನೋ ಮೊದಲ ಪಾಠವನ್ನ ಮರಿ ಕಲಿಯೋದು ತಾಯಿ ಮತ್ತು ಒಡಹುಟ್ಟಿದವರ ಜೊತೆ ಆಡುವಾಗ.

ಹೋಗಿ ತಾಯಿಯನ್ನ ನೋಡಿ. ಮಾಲೀಕರು ಪಕ್ಕದಲ್ಲಿದ್ದಾಗ ಅಪರಿಚಿತರಾದ ನಿಮ್ಮ ಹತ್ತಿರ ಅದು ಹೇಗೆ ನಡೆದುಕೊಳ್ಳುತ್ತೆ? ಕೋಣೆಯ ಮೂಲೆಯಲ್ಲಿ ನಡುಗೋ ಮರಿಯನ್ನ ಪಾಪ ಅಂತ ಎತ್ತಿಕೊಳ್ಳಬೇಡಿ. ದೊಡ್ಡ ನಾಯಿಗಳಲ್ಲಿ ಕಚ್ಚೋದಕ್ಕೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿ ಕಾರಣ. ತಂದೆತಾಯಿಯ ಸೊಂಟದ ಕೀಲಿನ ಎಕ್ಸ್‌ರೇ ಇದೆಯಾ ಅಂತ ಕೇಳಿ, ಈ ತಳಿಗೆ ಅದೇ ದೊಡ್ಡ ಕಾಯಿಲೆ.

ಎಂಟರಿಂದ ಹದಿನಾರು ವಾರ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ನಾಯಿಯ ವಿಷಯದಲ್ಲಿ ಅದಕ್ಕೆ ವಾರಗಳ ಲೆಕ್ಕವೇ ಇದೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕು, ಹದಿನಾರನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನ ಸುಲಭವಾಗಿ ಒಪ್ಪುತ್ತೆ. ಆಮೇಲೆ ಹೊಸದನ್ನ ಕಂಡರೆ ಮೊದಲು ಅನುಮಾನ.

ತೊಡಕು ಏನಂದ್ರೆ, ಲಸಿಕೆಗಳು ಮುಗಿಯೋದೂ ಆಗಲೇ. ಆರೆಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರದವರೆಗೆ ನಡೆಯುತ್ತೆ. ರೇಬಿಸ್ ಚುಚ್ಚುಮದ್ದು ಸುಮಾರು ಮೂರು ತಿಂಗಳಿಗೆ. ಪಾರ್ವೋ ವೈರಸ್ ಮಣ್ಣಲ್ಲಿ ಬಹಳ ಕಾಲ ಉಳಿಯೋದರಿಂದ ಮರಿಯನ್ನ ರಸ್ತೆಯಲ್ಲಿ ಬಿಡೋ ಹಾಗಿಲ್ಲ. ಹಾಗಂತ ಮನೆಯಲ್ಲೇ ಮುಚ್ಚಿಡೋ ಹಾಗೂ ಇಲ್ಲ.

ಪರಿಹಾರ ಸರಳ: ಎತ್ತಿಕೊಂಡು ಹೋಗಿ. ನಾವು ರಾಗಿಯನ್ನ ದಿನಾ ಅರ್ಧ ಗಂಟೆ ಎತ್ತಿಕೊಂಡು ಸೊಸೈಟಿ ಗೇಟ್ ಹತ್ತಿರ ಕೂರ್ತಿದ್ವಿ. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗರು, ಛತ್ರಿ, ಬುರ್ಖಾ, ಊರುಗೋಲು, ಸೈಕಲ್ ಮಕ್ಕಳು, ಗಣಪತಿ ಡೋಲು, ಕುಕ್ಕರ್ ವಿಷಲ್. ಒಂದೊಂದನ್ನೂ ದೂರದಿಂದ ತೋರಿಸೋದು, ಒಂದು ತುಂಡು ಚಿಕನ್ ಕೊಡೋದು. ಎಲ್ಲರೂ ಮುಟ್ಟಿ ಮುದ್ದಾಡಬೇಕು ಅಂತೇನಿಲ್ಲ. "ಜನ ಬಂದ್ರು, ಹೋದ್ರು, ನನಗೇನೂ ಆಗಲಿಲ್ಲ" ಅಂತ ಅದಕ್ಕೆ ಅನಿಸಿದರೆ ಸಾಕು.

ಕನ್ನಡದಲ್ಲೇ ಕಲಿಸಿ. "ಕೂತ್ಕೋ", "ಬಾ", "ನಿಲ್ಲು", "ಬಿಡು" ನಾಲ್ಕು ಪದ ಸಾಕು. ಗಂಡ "ಬಾ" ಅಂದು ಹೆಂಡತಿ "ಕಮ್" ಅಂದರೆ ಮರಿಗೆ ಅದು ಎರಡು ಬೇರೆ ಮಾತು. ಪದಗಳನ್ನ ಬರೆದು ಫ್ರಿಜ್ ಮೇಲೆ ಅಂಟಿಸಿ, ಕೆಲಸಕ್ಕೆ ಬರೋ ತಾಯಿಗೂ ಹೇಳಿಕೊಡಿ. ಊಟದ ಕಾಳುಗಳನ್ನೇ ಬಹುಮಾನವಾಗಿ ಕೊಡ್ತಾ, ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಎರಡು ಮೀಟಿಂಗ್ ನಡುವೆ ಆಗಿಹೋಗುತ್ತೆ.

ಉಚ್ಚೆಗೆ ನಿದ್ದೆ ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಕರಕೊಂಡು ಹೋಗಿ, ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆ. ಒಳಗೆ ಮಾಡಿದರೆ ಒರೆಸಿ, ಅಷ್ಟೇ. ಮೂತಿ ತಿಕ್ಕಿದರೆ ನಿಮ್ಮ ಮುಂದೆ ಮಾಡಬಾರದು ಅಂತ ಮಾತ್ರ ಕಲಿಯುತ್ತೆ.

ಊಟದಲ್ಲಿ ಒಂದೇ ಮಾತು: ದೊಡ್ಡ ತಳಿಯ ಮರಿಗೆ ಡಾಕ್ಟರು ಹೇಳದೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ. ಜಾಸ್ತಿಯಾದರೆ ಮೂಳೆ ಬೆಳವಣಿಗೆಯೇ ಕೆಡುತ್ತೆ.

ಗುರ್ ಅಂದರೆ ಬೈಯಬೇಡಿ

ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬಬೇಡಿ. ಗುರುಗುಟ್ಟೋದು, ಬೊಗಳೋದು ನಾಯಿಯ ಎಚ್ಚರಿಕೆ. ಪ್ರೊಡಕ್ಷನ್‌ನಲ್ಲಿ ಅಲರ್ಟ್ ಬಂದಾಗ ನಾವು ಅಲರ್ಟ್ ಅನ್ನ ಮ್ಯೂಟ್ ಮಾಡಿ ಮಲಗ್ತೀವಾ? ಗುರ್ ಅಂದದ್ದಕ್ಕೆ ಹೊಡೆದರೆ ನಾಯಿ ಗುರ್ ಅನ್ನೋದನ್ನ ಬಿಡುತ್ತೆ, ಹೆದರಿಕೆ ಹಾಗೇ ಒಳಗೆ ಉಳಿಯುತ್ತೆ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ನೇರವಾಗಿ ಕಚ್ಚುತ್ತೆ. ಗುರ್ ಅಂದಾಗ ಹಿಂದೆ ಸರಿಯಿರಿ, ಯಾಕೆ ಅಂದಿತು ಅಂತ ಹುಡುಕಿ, ಆ ಕಾರಣದ ಮೇಲೆ ನಿಧಾನ ಕೆಲಸ ಮಾಡಿ.

ಬಾಯಲ್ಲಿ ಚಪ್ಪಲಿ ಹಿಡಿದಿದ್ದರೆ ಕಿತ್ತುಕೊಳ್ಳಬೇಡಿ. "ಬಿಡು" ಅಂದು ಅದಕ್ಕಿಂತ ಒಳ್ಳೆಯದನ್ನ ಕೊಟ್ಟು ಬದಲಾಯಿಸಿಕೊಳ್ಳಿ. ಮನುಷ್ಯರ ಕೈ ಬಂದರೆ ಏನೋ ಕಳಕೊಳ್ತೀನಿ ಅಂತ ಅದಕ್ಕೆ ಅನಿಸಬಾರದು. ಹೊಡೆದು ಬಗ್ಗಿಸ್ತೀವಿ, ಮುಳ್ಳಿನ ಕಾಲರ್ ಹಾಕ್ತೀವಿ ಅನ್ನೋ ಟ್ರೇನರುಗಳನ್ನ ಮನೆಗೆ ಸೇರಿಸಬೇಡಿ.

ಬಾಯಿಗೆ ಕುಕ್ಕೆ

ಮಝಲ್ ಕಂಡರೆ ಜನ "ಅಯ್ಯೋ ಪಾಪ" ಅಂತಾರೆ. ನಮ್ಮೂರ ಕಣದಲ್ಲಿ ಒಕ್ಕಣೆ ಮಾಡುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟೋದನ್ನ ನೋಡಿದವರಿಗೆ ಇದು ಹೊಸದಲ್ಲ. ಬುಟ್ಟಿಯಂಥ ಮಝಲ್ ತಗೊಳ್ಳಿ, ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟೋ ಬಟ್ಟೆಯದು ನಡಿಗೆಗೆ ಬೇಡ. ನಾಯಿ ಮೈ ತಂಪಾಗೋದೇ ತೇಕೋದರಿಂದ, ನಮ್ಮ ಬಿಸಿಲಲ್ಲಿ ಅದು ಅಪಾಯ.

ಮೂರು ತಿಂಗಳ ಮರಿಗೇ ಶುರು ಮಾಡಿ. ಮೊದಲ ವಾರ ಕುಕ್ಕೆಯೊಳಗೆ ಮೊಸರು ಸವರಿ ನೆಕ್ಕೋಕೆ ಬಿಡಿ. ಆಮೇಲೆ ಪಟ್ಟಿ ಹಾಕದೆ ಹಿಡಿದುಕೊಳ್ಳಿ. ಆಮೇಲೆ ಐದು ಸೆಕೆಂಡ್ ಪಟ್ಟಿ, ಆಮೇಲೆ ಒಂದು ನಿಮಿಷ, ಆಮೇಲೆ ಕಾರಿಡಾರ್. ನಮ್ಮ ರಾಗಿ ಕುಕ್ಕೆ ಕಂಡರೆ ತಾನೇ ಮೂತಿ ತೂರಿಸ್ತಾಳೆ, ವಾಕಿಂಗ್ ಹೊರಟ್ವಿ ಅಂತ ಅವಳ ಲೆಕ್ಕ. ನಾಳೆ ನಿಮ್ಮೂರಲ್ಲಿ ಮಝಲ್ ಕಡ್ಡಾಯವಾದರೆ ನಿಮ್ಮ ನಾಯಿಗೆ ಅದು ಶಿಕ್ಷೆ ಆಗಲ್ಲ. ನಾನು ಹೇಳೋ ತರಬೇತಿಯ ಸೂತ್ರ ಇದೇ: ಇವತ್ತು ನೀವಿರೋ ಊರಿಗಲ್ಲ, ಅತಿ ಕಟ್ಟುನಿಟ್ಟಾದ ಊರಿಗೆ ತಕ್ಕಂತೆ ಬೆಳೆಸಿ.

ಕ್ರೇಟ್, ಅಂದರೆ ಗೂಡಿನಂಥ ಪೆಟ್ಟಿಗೆಯೂ ಹಾಗೇ. ಬಾಗಿಲು ತೆರೆದಿಟ್ಟು ಅದರಲ್ಲೇ ಊಟ ಹಾಕಿ, ಅದೇ ಅದರ ಮನೆ ಆಗಲಿ. ಊರು ಬಿಟ್ಟು ಊರಿಗೆ ಹೋದಾಗ ಗೋಡೆ ಬದಲಾದರೂ ಗೂಡು ಅದೇ ಇರುತ್ತೆ.

ಲಿಫ್ಟ್ ಎಂಬ ಪರೀಕ್ಷೆ

ಫ್ಲ್ಯಾಟ್ ಬದುಕಿನಲ್ಲಿ ಹೆಚ್ಚು ಅನಾಹುತ ಆಗಬಹುದಾದ ಜಾಗ ಲಿಫ್ಟ್. ಇಕ್ಕಟ್ಟು, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ, ಬಾಗಿಲು ತೆರೆದರೆ ಎದುರಿಗೆ ಯಾರೋ. ಒಳಗೆ ಹೋದ ಕೂಡಲೇ ಮೂಲೆಯಲ್ಲಿ ಕೂರೋದನ್ನ ಕಲಿಸಿ, ನಾಯಿಗೂ ಜನಕ್ಕೂ ನಡುವೆ ನೀವು ನಿಲ್ಲಿ. ಯಾರಾದರೂ ಇದ್ದರೆ "ಬರಲಾ?" ಅಂತ ಕೇಳಿ, ಬೇಡ ಅಂದರೆ ಮುಂದಿನದಕ್ಕೆ ಕಾಯಿರಿ. ನಾಯಿಗೆ ಹೆದರೋದು ಅವರ ತಪ್ಪಲ್ಲ. ನಮ್ಮ ಫ್ಲೋರಿನ ಅಜ್ಜಿ ಮೊದಲ ವರ್ಷವಿಡೀ ನಮ್ಮ ಜೊತೆ ಲಿಫ್ಟ್ ಹತ್ತಲಿಲ್ಲ. ಈಗಲೂ ಮುಟ್ಟಲ್ಲ, ಆದರೆ ಹತ್ತುತ್ತಾರೆ. ನನಗೆ ಅದೇ ಸರ್ಟಿಫಿಕೇಟ್.

ಎಂಟನೇ ತಿಂಗಳ ಸುಮಾರಿಗೆ ಹುಡುಗಾಟದ ವಯಸ್ಸು ಶುರು. ಕಲಿತದ್ದೆಲ್ಲ ಮರೆತಂತೆ ಆಡುತ್ತೆ, ಎಳೆಯುತ್ತೆ, ಬೇರೆ ನಾಯಿ ಕಂಡರೆ ಎಗರುತ್ತೆ. ಬೇಡ ಅಂತ ಜನ ನಾಯಿಗಳನ್ನ ಬಿಟ್ಟುಬಿಡೋದು ಹೆಚ್ಚಾಗಿ ಈ ವಯಸ್ಸಲ್ಲೇ. ಒಂದೂವರೆ, ಎರಡು ವರ್ಷದ ತನಕ ತಾಳ್ಮೆಯಿಂದ ಅದೇ ಐದು ನಿಮಿಷದ ಪಾಠ ಮುಂದುವರಿಸಿ. ಸಂತಾನಹರಣ ಯಾವ ವಯಸ್ಸಿಗೆ ಅಂತ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಯಾರು ತರಬಾರದು?

ಮುಂದಿನ ಎರಡು ವರ್ಷದಲ್ಲಿ ಆನ್‌ಸೈಟ್ ಹೋಗೋ ಯೋಚನೆ ಇರೋರು, ಮನೆಯಲ್ಲಿ ಒಬ್ಬರೇ ಇದ್ದು ವಾರಕ್ಕೆ ಐದು ದಿನ ಆಫೀಸಿಗೆ ಹೋಗೋರು, ಕಾವಲಿಗೆ ಅಂತ ಕಟ್ಟಿಹಾಕೋಕೆ ಹುಡುಕ್ತಿರೋರು, ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಆಸೆ ಪಟ್ಟಿರೋರು, ದಯವಿಟ್ಟು ಬೇಡ. ನಾಯಿ ಬೇಕೇ ಬೇಕು ಅಂದರೆ ನಿಮ್ಮ ಬೀದಿಯ ಮರಿಯೊಂದನ್ನ ಮನೆಗೆ ತನ್ನಿ. ನಮ್ಮ ಹವೆಗೆ ಒಗ್ಗಿದ್ದು, ತಳಿಪಟ್ಟಿಯ ತಲೆನೋವಿಲ್ಲ.

ಉಳಿದವರು ಇವತ್ತು ರಾತ್ರಿ ಮನೆಯವರನ್ನ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಒಳ್ಳೆ ಆಫರ್ ಬಂದ ಊರಲ್ಲಿ ಇವಳಿಗೆ ಜಾಗ ಇಲ್ಲ ಅಂದರೆ ನಾವು ಏನು ಮಾಡ್ತೀವಿ?" ಎಲ್ಲರ ಬಾಯಲ್ಲೂ ಒಂದೇ ಉತ್ತರ ಬಂದರೆ, ಮರಿ ನೋಡೋಕೆ ಹೋಗಿ. ಬರದಿದ್ದರೆ ಇನ್ನೂ ಟೈಮ್ ಇದೆ ಅಂತ ಅರ್ಥ.